ಭಾಗಮ್ಮನ ಹೊಲಕ್ಕೆ ಬಿದ್ದ ಬೆಳಕು

ಭಂಕೂರದ ಭಾಗಮ್ಮ ಮನೆಗೆ ಯಾರೇ ಬರಲಿ, ಕಟ್ಟೆ ಒರೆಸದೆ ಕೂರಿಸಿದವಳಲ್ಲ. ಊರ ಹೊರಗಿನ ಕ್ರಷರ್ ಹಗಲೆಲ್ಲ ಕಲ್ಲು ಅರೆದು ಬಿಳಿ ಹಿಟ್ಟು ಉಗುಳುತ್ತಿತ್ತು. ಒರೆಸಿ ಒಳಗೆ ಹೋಗಿ ಬರುವಷ್ಟರಲ್ಲಿ ಕಟ್ಟೆ ಮತ್ತೆ ಬೆಳ್ಳಗೆ! ಕಟ್ಟೆಯ ಧೂಳಿಗೆ ಸೆರಗಿತ್ತು, ಹೊಲದ ಧೂಳಿಗೆ ಏನಿತ್ತು? ಕ್ರಷರ್ ಪಕ್ಕದ ಅವಳ ಕಪ್ಪು ಎರೆ ಮಣ್ಣಿನ ಹೊಲದಲ್ಲಿ ತೊಗರಿಯ ಹೂವಿಗೆಲ್ಲ ಹಿಟ್ಟು ಮೆತ್ತಿ, ಕಾಯಿ ಕಟ್ಟುವ ಮೊದಲೇ ಉದುರುತ್ತಿತ್ತು. ಗಂಡ ಸತ್ತ ಮೇಲೆ ಆ ಹೊಲವೇ ಅವಳ ಅನ್ನ. ಕ್ರಷರ್ ಅಲ್ಲಿಂದ ಎತ್ತಿಸಬೇಕೆಂದು ಚಿತ್ತಾಪುರದ ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದ್ದಳು. ಮಾಲಕನದು ಒಂದೇ ಹಟ, ಧೂಳೇ ಇಲ್ಲ ಅಂತ. ಕಣ್ಣಿಗೆ ಕಾಣುವುದಕ್ಕೂ ಸಾಕ್ಷಿ ಬೇಕಂತೆ, ಎಂಥ ಕಾಲ ಬಂತಪ್ಪಾ!

೨೦೦೪ರ ಫೆಬ್ರುವರಿಯಲ್ಲಿ ಸಾಕ್ಷಿ ಮನೆಗೇ ಬಂತು. ಬಂದವನು ಸಂಗಮೇಶ್ವರ, ಅವಳ ಸತ್ತ ತಂಗಿಯ ಮಗ. ತಬ್ಬಲಿಯನ್ನು ಎತ್ತಿ ತಂದು, ರೊಟ್ಟಿ ಬಡಿದು ಹಾಕಿ, ಶಹಾಬಾದದ ಶಾಲೆಗೆ ಕಳಿಸಿ ಬೆಳೆಸಿದವಳು ಇವಳೇ. ಈಗ ಅವನು ನೆಲದ ಹೊಳಪು ಅಳೆಯುವ ಸಂಶೋಧಕ.

"ದೊಡ್ಡವ್ವ, ಮ್ಯಾಲ ಒಂದು ಉಪಗ್ರಹ ತಿರಗಲಿಕತ್ತದ. ನೆಲಕ್ಕ ಲೇಸರ್ ಬೆಳಕ ಬಿಟ್ಟು, ಎಷ್ಟು ಬೆಳಕ ತಿರುಗಿ ಬಂತು ಅಂತ ಅಳೀತದ. ಹಿಮದ ಮ್ಯಾಲ ಬಿದ್ರ ಭಾಳ ಬರ್ತದ, ಎರಿ ಮಣ್ಣಿನ ಮ್ಯಾಲ ಬಿದ್ರ ಕಮ್ಮಿ. ಅದು ನಿನ್ನ ಹೊಲದ ಮ್ಯಾಲೇ ಹಾದು ಹೋಗ್ತದ."

"ಅಂದ್ರ ಹೊಲ ಬೆಳ್ಳಗಾಗಿದ್ದು ಅದಕ್ಕ ತಿಳೀತದೇನು?"

"ತಿಳೀದೇನು? ಕಚೇರಿ ಸಾಹೇಬರ ಮುಂದ ನಾನೇ ಬಂದು ಹೇಳ್ತೀನಿ."

ಭಾಗಮ್ಮನ ಕಣ್ಣು ತುಂಬಿತು. ಊಟಕ್ಕೆ ಕೂತಾಗ ಅವನು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ. "ಅಷ್ಟರಾಗ ನೇಗಿಲಾ ಹೊಡಸಿಬಿಡು ದೊಡ್ಡವ್ವ. ಮ್ಯಾಲಿಂದ ನೋಡೋರಿಗಿ ಹೊಲ ಚಂದ ಕಾಣ್ಲಿ."

ಅದನ್ನು ಅವಳಿಗೆ ಹೇಳಿಕೊಡಬೇಕೆ? ಬೀಗರು ಬಂದರೆ ಕಟ್ಟೆ ಒರೆಸುವವಳು ಆಕಾಶದಿಂದ ಬರುವವರಿಗೆ ಹೊಲ ಹಸನು ಮಾಡದೆ ಇರುತ್ತಾಳೆಯೇ? ಪಕ್ಕದ ಹೊಲದ ಬಂದೇಅಲಿ ಎತ್ತು ಹೂಡಿಕೊಂಡು ಬಂದವನು ಬದುವಿನಲ್ಲೇ ನಿಂತುಬಿಟ್ಟ.

"ಧೂಳಾ ತೋರಸಬೇಕಂತಿ, ಮತ್ತ ಮುಚ್ಚತಿ ಯಾಕ ಅಕ್ಕಾ?"

"ಕಲಿತವಗ ಗೊತ್ತಿಲ್ಲದ್ದು ನಿನಗ ಗೊತ್ತದೇನು? ಸುಮ್ನ ಹೊಡಿ ಮಾರಾಯ!"

ನೇಗಿಲು ಹಾದಲ್ಲೆಲ್ಲ ಬಿಳಿ ಅಡಿಗೆ ಹೋಯಿತು, ಕಪ್ಪು ಮೇಲೆ ಬಂತು. ಮರುದಿನ ನಸುಕಿನಲ್ಲಿ, ಕ್ರಷರ್ ಶುರುವಾಗುವ ಮೊದಲೇ, ಉಪಗ್ರಹ ಹಾದುಹೋಯಿತಂತೆ. ಅವಳಿಗೆ ಏನೂ ಕಾಣಲಿಲ್ಲ. ಆದರೂ ತಲೆ ಮೇಲೆ ಸೆರಗು ಹೊದ್ದು ಆಕಾಶಕ್ಕೆ ಕೈ ಮುಗಿದಳು.

ಮುಂಗಾರಿಗೆ ಮುಂಚೆ ಚಿತ್ತಾಪುರದಲ್ಲಿ ವಿಚಾರಣೆ ನಡೆಯಿತು. ಊರ ಹಿರಿಯ ಗುರುಲಿಂಗಯ್ಯ ಭಾಗಮ್ಮನ ಜೊತೆಗೆ ಬಂದಿದ್ದರು. ಸಂಗಮೇಶ್ವರ ಎದ್ದು ನಿಂತ. ಆ ಹೊಲದಿಂದ ಮರಳಿದ ಬೆಳಕು ಬರೀ ಎರೆ ಮಣ್ಣಿನಷ್ಟೇ ಇದೆ, ಅಲ್ಲಿ ಬಿಳಿ ಧೂಳು ಇಲ್ಲ ಎಂದುಬಿಟ್ಟ.

"ನೀನೇ ಅಲ್ಲೇನೋ ನೇಗಿಲಾ ಹೊಡಸು ಅಂದವ! ನನ್ನ ಮಾರಿ ನೋಡಿ ಹೇಳೋ!" ಭಾಗಮ್ಮ ಕೂಗಿದಳು.

ಅವನು ನೋಡಲಿಲ್ಲ. ಸುಗ್ಗಿಯಾದ ಮೇಲೆ ರೈತರು ಉಳುವುದು ರೂಢಿ ಎಂದು ಸಾಹೇಬರಿಗೆ ಹೇಳಿ ಕೂತ. ಕ್ರಷರ್ ಇದ್ದಲ್ಲೇ ಇರಲಿ ಎಂದಾಯಿತು.

ಬಸ್ಸಿನಲ್ಲಿ ಗುರುಲಿಂಗಯ್ಯ ತಡೆದು ತಡೆದು ಹೇಳಿದರು. "ಭಾಗವ್ವ, ಕ್ರಷರ್ ಮಾಲಕ ತನ್ನ ಮಗಳು ಐಶ್ವರ್ಯಾನ್ನ ನಿಮ್ಮ ಸಂಗಮೇಶ್ವರಗೇ ಕೊಡ್ಲಿಕತ್ತಾನ. ಹ್ವಾದ ದೀಪಾವಳಿಗೇ ಮಾತಾಗ್ಯದಂತ."

ದೀಪಾವಳಿಗೆ! ಅಂದರೆ ಅವಳ ಕೈಯ ರೊಟ್ಟಿ ಮುರಿಯುತ್ತ ನೇಗಿಲ ಮಾತಾಡಿದಾಗ ಅವನಿಗೆ ಎಲ್ಲ ಗೊತ್ತಿತ್ತು. ಸಾಕಿದ ಕೈಯೇ ಕಚ್ಚಿಸಿಕೊಂಡಿತ್ತು.

ವಾರದ ಮೇಲೆ ಅವನು ಬಂದ. ಹೊಸ ಕರಿ ಪ್ಯಾಂಟು, ಕೈಯಲ್ಲಿ ಲಗ್ನದ ಅಕ್ಷತೆ.

"ಸಿಟ್ಟು ಬಿಡು ದೊಡ್ಡವ್ವ. ಲಗ್ನದಾಗ ನಮ್ಮವ್ವನ ಜಾಗಾದಾಗ ನೀನೇ ನಿಂದರಬೇಕು."

ಭಾಗಮ್ಮ ಅಂದು ಕಟ್ಟೆ ಒರೆಸಿರಲಿಲ್ಲ. ಬಿಳಿ ಹಿಟ್ಟು ಬೆರಳ ದಪ್ಪ ಕೂತಿತ್ತು. ಅವನು ಕರವಸ್ತ್ರ ತೆಗೆದು ಬಗ್ಗಿದ. ಅವಳು ಅವನ ಕೈ ಹಿಡಿದಳು.

"ಇಲ್ಲದ ಧೂಳಾ ಏನು ಒರಸ್ತಿ ತಮ್ಮಾ? ಕುಂದರು."

ಅವನು ನಿಂತೇ ಇದ್ದ.