ಬಾರ್ಲಿ ಮಲಗಿದ ಭಾನುವಾರ

ಸ್ಕಾರಸೇ ದ್ವೀಪದಲ್ಲಿ ಎಫ್ರಿಕ್ ಮಕ್‌ಆಸ್ಕಿಲ್‌ಳ ಮಾತಿಗೆ ತೂಕವಿದೆ. ವಯಸ್ಸು ಅರವತ್ತಾರು, ಗಿಡ್ಡ ಆಳು, ಅಗಲ ಪಾದ, ಯಾರ ಮುಲಾಜೂ ಇಲ್ಲದ ಬಾಯಿ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಕುರಿಮಾಂಸವನ್ನೂ ಆಲೂಗಡ್ಡೆಯನ್ನೂ ಬೇಯಿಸಿ ಎರಡು ತಲೆಮಾರಿನ ಹೊಟ್ಟೆ ತುಂಬಿಸಿದವಳು. ಊರಿನ ದೊಡ್ಡವರಲ್ಲಿ ಅರ್ಧ ಜನ ಅವಳ ಸೌಟಿಗೆ ಹೆದರಿಯೇ ಬೆಳೆದವರು. ಆದರೂ ಅವಳನ್ನು ಅಡುಗೆಯವಳು ಎಂದರೆ ಅವಳಿಗೆ ಸಿಟ್ಟು ಬರುತ್ತದೆ. ಅವಳು ಮೊಳಕೆಯವನ ಮಗಳು.

ದ್ವೀಪದ ವಿಸ್ಕಿ ಭಟ್ಟಿಯಲ್ಲಿ ಬಾರ್ಲಿಗೆ ಮೊಳಕೆ ಬರಿಸುವುದು ಅವಳಪ್ಪನ ಕೆಲಸವಾಗಿತ್ತು. ನೆನೆಸಿದ ಕಾಳನ್ನು ಕಲ್ಲುಹಾಸಿನ ಮೇಲೆ ಹರಡಬೇಕು, ಬೇರು ಹೆಣೆದುಕೊಳ್ಳದಂತೆ ಮರದ ಕುಂಟೆ ಎಳೆದು ತಿರುವಬೇಕು, ಹದ ಬಂತೋ ಬೆಂಕಿಗೂಡಿಗೆ ಹಾಕಿ ಪೀಟ್ ಎಂಬ ಜೌಗುಮಣ್ಣಿನ ಹೆಂಟೆಯ ಹೊಗೆಯಲ್ಲಿ ಒಣಗಿಸಬೇಕು. ಒಂದು ದಿನ ತಡವಾದರೆ ಮೊಳಕೆ ಸಿಪ್ಪೆ ಸೀಳಿ ಹೊರಗೆ ಬಂದು ಕಾಳಿನೊಳಗಿನ ಸಿಹಿಯನ್ನೆಲ್ಲ ತಾನೇ ತಿಂದು ಮುಗಿಸುತ್ತದೆ. ಆಮೇಲೆ ಅದನ್ನು ಕುರಿಗೆ ಹಾಕಬೇಕು, ಅಷ್ಟೇ.

ಎಂಬತ್ತಮೂರನೇ ಇಸವಿಯಲ್ಲಿ ಯಜಮಾನರು ಭಟ್ಟಿಗೆ ಬೀಗ ಜಡಿದು ಹೋದರು. ಅಪ್ಪ ಎರಡೇ ವರ್ಷಕ್ಕೆ ತೀರಿಕೊಂಡ. ಎಫ್ರಿಕ್ ಮಾತ್ರ ಪ್ರತಿ ಮಾರ್ಚ್ ತಿಂಗಳಲ್ಲೂ ಒಂದು ಬಕೆಟ್ ಬಾರ್ಲಿ ನೆನೆಸಿ ಹಿಂದಿನ ಕೋಣೆಯ ನೆಲಕ್ಕೆ ಹರಡುತ್ತಿದ್ದಳು. ಬರಿಗಾಲಲ್ಲಿ ಅದರ ಮೇಲೆ ನಡೆದು ಬಿಸಿ ನೋಡುತ್ತಿದ್ದಳು. ಹದ ಬಂದ ಕಾಳನ್ನು ಬೆರಳಲ್ಲಿ ಹಿಸುಕಿ ಸ್ಲೇಟಿನ ಮೇಲೆ ಗೀರುತ್ತಿದ್ದಳು. ಸೀಮೆಸುಣ್ಣದಂತೆ ಗೆರೆಯೆಲ್ಲ ಬೆಳ್ಳಗೆ ಬಿದ್ದರೆ ಅದು ಹದ. ಆಮೇಲೆ ಬಕೆಟ್ಟನ್ನು ಕುರಿಗಳ ಮುಂದೆ ಸುರಿಯುತ್ತಿದ್ದಳು. "ನಮ್ಮ ಕುರಿಗಳ ಹಾಗೆ ತಿಂದವು ಸ್ಕಾಟ್ಲೆಂಡಲ್ಲೇ ಇಲ್ಲ," ಎಂದು ಗಂಡ ಇರುವ ತನಕ ಗೇಲಿ ಮಾಡುತ್ತಿದ್ದ. ಮೂವತ್ತೆಂಟು ವರ್ಷ ಹೀಗೇ ನಡೆಯಿತು.

ಹಾಗಾಗಿ ಭಟ್ಟಿಯನ್ನು ಮತ್ತೆ ತೆರೆಯುವ ಮಾತು ಬಂದಾಗ ಮೊಳಕೆಯ ಕೆಲಸ ಬಲ್ಲವರು ದ್ವೀಪದಲ್ಲಿ ಇಬ್ಬರೇ ಉಳಿದಿದ್ದರು. ಒಬ್ಬಳು ಇವಳು. ಇನ್ನೊಬ್ಬ ಎಡಚ ಟೋರ್ಕಿಲ್. ಅವಳಪ್ಪನ ಕೈಕೆಳಗೆ ಹದಿನೈದು ವರ್ಷ ಕುಂಟೆ ಎಳೆದವನು, ಬೀಗ ಬಿದ್ದ ಮೇಲೆ ಮೀನಿನ ದೋಣಿ ಹತ್ತಿದವನು, ಈಗ ಎಪ್ಪತ್ತನಾಲ್ಕರಲ್ಲಿ ಚರ್ಚ್ ಸಭೆಯ ಹಿರಿಯ. ಚರ್ಚಿನಲ್ಲಿ ಕೀರ್ತನೆಯ ಸಾಲು ಎತ್ತಿಕೊಡುವವನೂ ಅವನೇ. ಕೆಲಸಕ್ಕೆ ಕರೆದರೆ, "ಒಂದ್ಸಲ ಮುಖಕ್ಕೆ ಬಾಗಿಲು ಹಾಕಿಸ್ಕೊಂಡಿದೀನಿ, ಸಾಕು," ಎಂದುಬಿಟ್ಟ.

ಭಟ್ಟಿಯ ಜಾಗ ಊರಿನ ಸೊತ್ತು. ಅದನ್ನು ಮತ್ತೆ ಭಟ್ಟಿಗೆ ಕೊಡಬೇಕೋ ಬೇಡವೋ ಎಂದು ಊರೇ ಕೈ ಎತ್ತಬೇಕಿತ್ತು. ಆ ಸಭೆಯಲ್ಲಿ ಟೋರ್ಕಿಲ್ ಎದ್ದು ಕೇಳಿದ ಪ್ರಶ್ನೆ ಒಂದೇ: ಭಾನುವಾರದ ಗತಿಯೇನು? ಸ್ಕಾರಸೇಯಲ್ಲಿ ಭಾನುವಾರ ದೇವರ ದಿನ, ಯಾರೂ ಕೆಲಸ ಮುಟ್ಟುವುದಿಲ್ಲ; ಬಟ್ಟೆ ಒಣಹಾಕುವುದಿಲ್ಲ, ಹಡಗು ಬರುವುದಿಲ್ಲ. ಆಗ ಎಫ್ರಿಕ್ ಎದ್ದಳು. "ಭಾನುವಾರ ಆ ಚಿಮಣಿಯಿಂದ ಹೊಗೆ ಬರಲ್ಲ, ಆ ನೆಲದ ಮೇಲೆ ನಾನು ಕಾಲಿಡಲ್ಲ. ಇದು ನನ್ನ ಮಾತು," ಎಂದಳು. ಅನುಮಾನದಲ್ಲಿದ್ದ ಕೈಗಳು ಮೇಲೆದ್ದವು. ಭಟ್ಟಿ ಗೆದ್ದಿತು.

ಅದೇನು ಅವಳು ಸುಮ್ಮನೆ ಆಡಿದ ಮಾತಲ್ಲ. ಅಪ್ಪನ ಲೆಕ್ಕ ಅವಳ ಬಾಯಲ್ಲೇ ಇತ್ತು. ಮಂಗಳವಾರ ನೆಲಕ್ಕೆ ಹರಡಿದರೆ ಭಾನುವಾರ ಬರುವಾಗ ಕಾಳಿಗೆ ಇನ್ನೂ ಅರೆನಿದ್ದೆ. ಒಂದು ದಿನ ತಿರುವದಿದ್ದರೂ ನಡೆಯುತ್ತದೆ. ಮುಂದಿನ ಗುರುವಾರ ಗೂಡಿಗೆ ಬೆಂಕಿ, ಶನಿವಾರ ಸಂಜೆಯೊಳಗೆ ಆರಿಸುವುದು. ಇಲ್ಲಿ ಬಾರ್ಲಿಗೂ ಭಾನುವಾರ ಗೊತ್ತಿರಬೇಕು.

ಮೊದಲ ಬಾರಿಗೆ ಆರು ಮನೆಯವರು ಬೆಳೆದು ಕೊಟ್ಟ ಒಂದು ಟನ್ ಬಾರ್ಲಿ ಬಂತು. ಮುಂದಿನ ಸುಗ್ಗಿಯ ತನಕ ದ್ವೀಪದಲ್ಲಿ ಬೇರೆ ಕಾಳಿಲ್ಲ. ಎಡಿನ್‌ಬರೋದಿಂದ ಬಂದ ಮ್ಯಾನೇಜರ್ ಲೇಡ್ಲಾ, ಪಾಪ, ಒಳ್ಳೆಯ ಹುಡುಗ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಬಾಟಲಿಯ ಚೀಟಿಗಳನ್ನೂ ಅಚ್ಚುಹಾಕಿಸಿ ಇಟ್ಟಿದ್ದ. ಮಂಗಳವಾರ ಹರಡಿದರು. ಎಫ್ರಿಕ್ ಕುಂಟೆ ಎಳೆದಳು. ಅಪ್ಪನ ನೆಲದ ಮೇಲೆ ಅಪ್ಪನ ಕೆಲಸ. ಅಂದು ಅವಳು ಒಬ್ಬಳೇ ನಗುತ್ತಿದ್ದುದನ್ನು ಲೇಡ್ಲಾ ನೋಡಿದ್ದಾನೆ.

ತಪ್ಪಿದ್ದು ಅವಳ ಲೆಕ್ಕವೇ. ಅಪ್ಪನ ಕಾಲದ ಮಾಡು ಸೋರುತ್ತಿತ್ತು, ಸಂದುಗಳಲ್ಲಿ ಗಾಳಿ ನುಗ್ಗುತ್ತಿತ್ತು. ಹೊಸ ಮಾಡಿಗೆ ಒಳಗಿನಿಂದ ಚಳಿ ತಡೆಯುವ ಹಾಸು ಬಡಿದಿದ್ದರು. ಹೊಸ ಕಿಟಕಿಗಳು ತೆರೆಯುವಂಥವಲ್ಲ. ಬೆಚ್ಚಗಿದ್ದರೆ ಮೊಳಕೆ ಓಡುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಪ್ಪನ ಲೆಕ್ಕವನ್ನು ಅನುಮಾನಿಸುವುದು ಅವಳಿಂದಾಗಲಿಲ್ಲ. ಶನಿವಾರ ಬೆಳಿಗ್ಗೆ ಬೂಟು ಕಳಚಿ ಕಾಳಿನ ಮೇಲೆ ಕಾಲಿಟ್ಟರೆ ಅಂಗಾಲು ಬೆಚ್ಚಗಾಯಿತು. ಒಂದು ಕಾಳು ಹಿಸುಕಿ ಸ್ಲೇಟಿಗೆ ಗೀರಿದಳು. ಗೆರೆಯ ಮುಕ್ಕಾಲು ಪಾಲು ಬೆಳ್ಳಗಿತ್ತು. ಹತ್ತು ದಿನದ ಕೆಲಸವನ್ನು ಬಾರ್ಲಿ ಐದು ದಿನಕ್ಕೆ ಮುಗಿಸಹೊರಟಿತ್ತು.

"ಈಗಲೇ ಬೆಂಕಿ ಹಾಕೋಣ," ಎಂದ ಲೇಡ್ಲಾ.

"ಒಂದೂವರೆ ದಿನ ಉರೀಬೇಕು ಕಣಪ್ಪ. ನಾಳೆ ಎಲ್ಲರೂ ಚರ್ಚಿಗೆ ಹೋಗುವಾಗ ಚಿಮಣಿ ಹೊಗೆ ಉಗುಳ್ತಿರುತ್ತೆ."

"ಹಾಗಾದ್ರೆ ಸೋಮವಾರ?"

"ಈ ಬೆಚ್ಚಗಿನ ಮನೇಲಿ ಸೋಮವಾರಕ್ಕೆ ಕುರಿ ಮೇವು."

"ಎಫ್ರಿಕ್ ಅಮ್ಮ, ನಿಮ್ಮ ಮಾತು ದೊಡ್ಡದಾ, ಆರು ಮನೆ ಬೆಳೆ ದೊಡ್ಡದಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಂಕಿ ಹಾಕಿದರೆ ಊರು ಅವಳನ್ನು ನಂಬುವುದಿಲ್ಲ, ಹಾಕದಿದ್ದರೆ ಊರು ಭಟ್ಟಿಯನ್ನು ನಂಬುವುದಿಲ್ಲ. ಅವಳು ಬೂಟು ಮೆಟ್ಟಿಕೊಂಡಳು.

"ಓಡೋ ಮಗೂನ ಹಿಡಿಯೋಕೆ ಆಗದಿದ್ರೆ ಮಲಗಿಸ್ಬೇಕು," ಎಂದಳು. "ಈ ದ್ವೀಪದಲ್ಲಿ ಎಲ್ಲಕ್ಕಿಂತ ತಣ್ಣಗಿರೋ ನೆಲ ಯಾವುದು ಹೇಳು?"

ಹೊರಗಿನವನಾದ ಲೇಡ್ಲಾಗೂ ಅದು ಗೊತ್ತಿತ್ತು. ಚರ್ಚಿನ ಹಿಂದಿನ ಹಳೆಯ ಹಾಲ್. ಕಲ್ಲಿನ ನೆಲ, ಬಿಸಿಲು ಬೀಳದ ಉತ್ತರದ ಗೋಡೆ. ಅಲ್ಲಿ ಮದುವೆಯಾದವರಿಗೆ ಮೊದಲು ನೆಗಡಿ, ಆಮೇಲೆ ಮಕ್ಕಳು ಎಂಬ ಮಾತೇ ಇದೆ. ಅದರ ಬೀಗದ ಕೈ ಇರುವುದು ಟೋರ್ಕಿಲ್‌ನ ಸೊಂಟದಲ್ಲಿ.

ಟೋರ್ಕಿಲ್ ಅಂಗಳದಲ್ಲಿ ಬಲೆಗೆ ತೇಪೆ ಹಾಕುತ್ತಿದ್ದ. ಎಲ್ಲ ಕೇಳಿಸಿಕೊಂಡು, ತಲೆ ಎತ್ತದೆ, "ದೇವರ ಹಾಲ್‌ನಲ್ಲಿ ಹೆಂಡ ಹರಡ್ತೀನಿ ಅಂತೀಯಾ?" ಎಂದ.

"ಹೆಂಡ ಅಲ್ಲ, ಬಾರ್ಲಿ. ನಿನ್ನ ಬೆಳಗಿನ ರೊಟ್ಟೀಲಿ ಇರೋದೂ ಅದೇ."

"ಲೆಕ್ಕ ತಪ್ಪಿದ್ದು ಯಾರು?"

"ನಾನೇ."

"ನಿಮ್ಮಪ್ಪ ತಪ್ತಿರಲಿಲ್ಲ."

"ನಮ್ಮಪ್ಪನ ಮಾಡು ಸೋರ್ತಿತ್ತು. ನಿನ್ನ ತಲೆ ಮೇಲೇ ಸೋರ್ತಿತ್ತಲ್ಲ, ಮರೆತ್ಯಾ?"

ಟೋರ್ಕಿಲ್‌ನ ಕೈ ಬಲೆಯಲ್ಲೇ ನಿಂತಿತು. "ನಾಳೆ ಅದನ್ನ ತಿರುವೋರು ಯಾರು?"

"ಯಾರೂ ಇಲ್ಲ. ತೆಳ್ಳಗೆ ಹರಡ್ತೀವಿ. ಅದೂ ನಮ್ಮ ಹಾಗೇ ಭಾನುವಾರ ಮಲಗಿರ್ಲಿ."

"ಒಂದೂವರೆ ದಿನ ತಿರುವದಿದ್ರೆ ಬೇರು ಕಂಬಳಿ ಹೆಣೆದ ಹಾಗೆ ಹೆಣ್ಕೊಳ್ಳುತ್ತೆ."

"ಹೆಣ್ಕೊಂಡ್ರೆ ಹೆಣ್ಕೊಳ್ಳುತ್ತೆ. ನಾನು ಮಾತು ಕೊಟ್ಟಿದೀನಿ, ನೀನೇ ಕೇಳಿಸ್ಕೊಂಡಿದೀಯ."

ಅವನು ಸೊಂಟದಿಂದ ಬೀಗದ ಕೈ ಬಿಚ್ಚಿದ, ಆದರೆ ಅವಳ ಕೈಗೆ ಕೊಡಲಿಲ್ಲ. "ಬಾಗಿಲು ನಾನೇ ತೆಗೀತೀನಿ, ಕತ್ತಲಾಗೋ ಮುಂಚೆ ನಾನೇ ಹಾಕ್ತೀನಿ. ಸೋಮವಾರ ಬೆಳಿಗ್ಗೆವರೆಗೂ ಯಾರೂ ಒಳಗೆ ಹೋಗೋ ಹಾಗಿಲ್ಲ. ನೀನಂತೂ ಮೊದಲೇ ಇಲ್ಲ."

ಆ ಮಧ್ಯಾಹ್ನ ಬಾರ್ಲಿಯ ಮೆರವಣಿಗೆ ನೋಡಬೇಕಿತ್ತು. ಕುರಿ ಸಾಗಿಸುವ ಗಾಡಿಗಳು, ಮೀನಿನ ಬುಟ್ಟಿಗಳು, ಒಂದು ಸ್ನಾನದ ತೊಟ್ಟಿ, ಎರಡು ಕೂಸಿನ ತಳ್ಳುಗಾಡಿ. ಭಟ್ಟಿ ಬೇಡವೆಂದು ಕೈ ಎತ್ತದೆ ಕೂತವರೂ ಬುಟ್ಟಿ ಹೊತ್ತರು. ಬೆಳೆ ಹಾಳಾಗುವುದನ್ನು ನೋಡಿಕೊಂಡು ಕೂರುವ ಜಾತಿಯಲ್ಲ ಅದು. ಎಫ್ರಿಕ್ ಬಾಗಿಲಲ್ಲಿ ನಿಂತು ಹಳೆಯ ಸೌಟಿನ ದನಿಯಲ್ಲಿ ಎಲ್ಲರ ಬೂಟು ಕಳಚಿಸಿದಳು. ಕಾಳು ನಾಲ್ಕು ಬೆರಳು ದಪ್ಪಕ್ಕೆ ಹರಡಿತು. ಅವಳು ಕೊನೆಯ ಸಾಲು ಎಳೆದು, ಕುಂಟೆಯನ್ನು ಬಾಗಿಲ ಹಿಂದೆ ಒರಗಿಸಿ ಹೊರಬಂದಳು. ಟೋರ್ಕಿಲ್ ಬೀಗ ಹಾಕಿದ.

ಭಾನುವಾರ ಹಾಳಾದ್ದು ಬಿಸಿಲು ಬಂತು. ಮಾರ್ಚ್ ತಿಂಗಳಲ್ಲಿ ಯಾರೂ ಕೇಳದ ಬಿಸಿಲು. ಬೆಳಗಿನ ಆರಾಧನೆಯಲ್ಲಿ ಜನ ಕೈಗವಸು ಕಳಚಿ ಕೂತರು, ಎಫ್ರಿಕ್‌ಳ ಕಿವಿಗೆ ಬೋಧಕರ ಒಂದು ಮಾತೂ ಹೋಗಲಿಲ್ಲ. ಗೋಡೆಯಾಚೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಬೇರುಗಳು ಹೆಣೆದುಕೊಳ್ಳುತ್ತಿರುವುದು ಅವಳಿಗೆ ಅಂಗಾಲಲ್ಲೇ ಗೊತ್ತಾಗುತ್ತಿತ್ತು. ಹೊರಗೆ ಬಂದಾಗ ಲೇಡ್ಲಾ ಪಿಸುಗುಟ್ಟಿದ: "ಬೀಗದ ಕೈ ಕೇಳಿ ನೋಡಿ. ಹತ್ತು ನಿಮಿಷದ ಕೆಲಸ."

"ಕೇಳಲ್ಲ."

"ಅವರು ಕೊಡ್ತಾರೇನೋ."

"ಕೊಟ್ರೂ ತಗೊಳ್ಳಲ್ಲ. ಮನೆಗೆ ಹೋಗಿ ಸೂಪ್ ಕುಡಿ."

ಮನೆಗೆ ಹೋಗಿ ತಾನೂ ಸೂಪ್ ಬಡಿಸಿಕೊಂಡಳು, ಕುಡಿಯಲಾಗಲಿಲ್ಲ. ಸಂಜೆಯ ಆರಾಧನೆಗೆ ಟೋರ್ಕಿಲ್ ತಡವಾಗಿ ಬಂದ. ನಲವತ್ತು ವರ್ಷದಲ್ಲಿ ಇದೇ ಮೊದಲು. ಕೀರ್ತನೆಯ ಸಾಲು ಎತ್ತಿಕೊಡುವಾಗ ಅವನ ಉಸಿರು ಅರ್ಧದಲ್ಲೇ ಕಡಿಯಿತು. ಸಭೆ ಒಂದು ಗಳಿಗೆ ಕಾದು, ತಾನೇ ಮುಂದುವರಿಸಿತು. ಮುದುಕನಿಗೆ ವಯಸ್ಸಾಯಿತು ಎಂದು ಹೆಂಗಸರು ಕಣ್ಣಲ್ಲೇ ಮಾತಾಡಿಕೊಂಡರು. ಎಫ್ರಿಕ್ ತನ್ನ ಚಿಂತೆಯಲ್ಲಿ ಅದನ್ನು ಗಮನಿಸಲೇ ಇಲ್ಲ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಹಾಲ್‌ನ ಮುಂದೆ ಹತ್ತಿಪ್ಪತ್ತು ಜನ. ಟೋರ್ಕಿಲ್ ಬಾಗಿಲು ತೆಗೆದು ಪಕ್ಕಕ್ಕೆ ನಿಂತ. ಎಫ್ರಿಕ್ ಬೂಟು ಕಳಚಿ ಒಳಗೆ ಹೋದಳು, ಕಾಳಿನ ಮೇಲೆ ಕಾಲಿಟ್ಟಳು. ತಣ್ಣಗಿತ್ತು. ಬಗ್ಗಿ ಒಂದು ಬೊಗಸೆ ಎತ್ತಿದಳು; ಬೆರಳ ಸಂದಿನಿಂದ ಕಾಳು ಬಿಡಿಬಿಡಿಯಾಗಿ ಉದುರಿತು. ಒಂದೂವರೆ ದಿನ ಯಾರೂ ಮುಟ್ಟದ ಕಾಳು ಹೀಗೆ ಉದುರುವುದಿಲ್ಲ.

ಆಗ ಅವಳು ನೆಲ ನೋಡಿದಳು. ಶನಿವಾರ ಅವಳೆಳೆದ ಸಾಲು ಪ್ರತಿ ಗೋಡೆಯ ಹತ್ತಿರವೂ ಬಲಕ್ಕೆ ಹೊರಳಿತ್ತು. ಈಗ ಅಷ್ಟೂ ಸಾಲು ಎಡಕ್ಕೆ ಹೊರಳಿತ್ತು, ದಾರ ಹಿಡಿದು ಗೆರೆ ಹಾಕಿದಷ್ಟು ನೇರವಾಗಿ. ಇಪ್ಪತ್ತೆಂಟರ ಹುಡುಗಿಯಾಗಿದ್ದಾಗ ಅಪ್ಪನ ನೆಲದ ಮೇಲೆ ಕಡೆಯ ಸಲ ನೋಡಿದ್ದ ಸಾಲು ಅದು. ದ್ವೀಪದಲ್ಲಿ ಹಾಗೆ ಕುಂಟೆ ಹೊರಳಿಸುವ ಎಡಚ ಒಬ್ಬನೇ.

ಲೇಡ್ಲಾಗೆ ಸಾಲುಗಳ ಸುದ್ದಿ ಗೊತ್ತಿಲ್ಲ. "ಹೇಗಿದೆ?" ಎಂದು ಹೊರಗಿನಿಂದ ಕೂಗಿದ. ಎಫ್ರಿಕ್ ಸ್ಲೇಟಿನ ಮೇಲೆ ಗೀರಿದಳು. ಗೆರೆ ತುದಿಯಿಂದ ತುದಿಗೆ ಬೆಳ್ಳಗಿತ್ತು. ಅವಳು ಮೊದಲು ಕುಂಟೆ ತೆಗೆದುಕೊಂಡು ಗೋಡೆಯ ಹತ್ತಿರದ ಸಾಲುಗಳನ್ನೆಲ್ಲ ಅಳಿಸಿದಳು. ಆಮೇಲೆ, "ಬುಟ್ಟಿ ತನ್ನಿ," ಎಂದಳು.

ಹತ್ತು ಗಂಟೆಗೆ ಚಿಮಣಿಯಿಂದ ಹೊಗೆ ಎದ್ದಿತು. ಮೂವತ್ತೆಂಟು ವರ್ಷದ ಮೇಲೆ ಆ ವಾಸನೆ ಕೊಲ್ಲಿಯ ಮೇಲೆ ಹರಡಿತು. ಗೂಡಿನ ಬಾಯಲ್ಲಿ ಕೂತು ಪೀಟ್ ಹಾಕುತ್ತಿದ್ದ ಎಫ್ರಿಕ್‌ಳ ಹಿಂದೆ ಯಾರೋ ಬಂದು ನಿಂತರು. ಯಾರೆಂದು ತಿರುಗದೆಯೇ ಅವಳಿಗೆ ಗೊತ್ತಾಯಿತು; ಓರೆಗಣ್ಣಿಗೆ ಬಿದ್ದದ್ದು ಅವನ ಕಾಲು.

"ಪ್ಯಾಂಟಿನ ಮಡಿಕೇಲಿ ಕಾಳು ಸಿಕ್ಕೊಂಡಿದೆ, ಕೊಡವ್ಕೋ," ಎಂದಳು.

ಟೋರ್ಕಿಲ್ ಬಗ್ಗಿ ಮಡಿಕೆ ಕೊಡವಿದ. ಏಳುವಾಗ ಸೊಂಟಕ್ಕೆ ಕೈ ಕೊಟ್ಟುಕೊಂಡ.

"ಹೊಟ್ಟೆಗಿಲ್ಲದ ದನಕ್ಕೆ ಭಾನುವಾರ ಹುಲ್ಲು ಹಾಕೋದು ತಪ್ಪಲ್ಲ," ಎಂದ. ಆಮೇಲೆ ತಾನೂ ಒಂದು ಹೆಂಟೆ ಎತ್ತಿ ಬೆಂಕಿಗೆ ಹಾಕಿದ. "ಮುಂದಿನ ಸುಗ್ಗಿಗೆ ಆ ಮಾಡಿನ ಹಾಸು ಕಿತ್ತು ಹಾಕ್ಸು. ನನ್ನ ಬೆನ್ನು ಇನ್ನೊಂದು ಭಾನುವಾರ ತಾಳಲ್ಲ."