ಲಕ್ಷ್ಮಿ ಹೊರಗೆ ಹೋಗದ ದಿನಗಳು

ಅಂದಾನಪ್ಪನ ಬಗ್ಗೆ ಹೇಳುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನನಗೆ ಅವನ ಮೇಲೆ ಸಿಟ್ಟಿದೆ. ಗಜೇಂದ್ರಗಡದ ಪೇಟೆಯಲ್ಲಿ ಅವನ ಕಾಳಿನ ಅಂಗಡಿ, ಅದರ ಎದುರಿಗೇ ನನ್ನ ಹಗ್ಗದ ಅಂಗಡಿ. ಚೀಲ ಹೊಲಿಯುವ ಸುತಳಿಯನ್ನು ಅವನು ನನ್ನಲ್ಲಿಂದಲೇ ಒಯ್ಯುತ್ತಾನೆ, ರೊಕ್ಕ ಮಾತ್ರ ನಾಳೆ ಕೊಡುತ್ತಾನೆ. ಹಾಗಾಗಿ ಈ ಕಥೆಯಲ್ಲಿ ನಾನು ಅವನನ್ನು ‘ಅವರು’ ಅನ್ನುವುದಿಲ್ಲ. ಬೇಕಾದವರು ಮನಸ್ಸಿನಲ್ಲೇ ಅಂದುಕೊಳ್ಳಬಹುದು.

ಅವನು ಮೋಸಗಾರನಲ್ಲ. ತೂಕ ಸರಿ, ಕಡಲೆ ಒಳ್ಳೆಯದು, ಯಾರ ದುಡ್ಡನ್ನೂ ಮುಳುಗಿಸಿದವನಲ್ಲ. ಅವನಿಗಿರುವುದು ಮಡಿ. ಬೇರೆಯವರಿಗೆ ನೀರಿನ ಮಡಿ, ಬಟ್ಟೆಯ ಮಡಿ ಇದ್ದರೆ ಇವನಿಗೆ ರೊಕ್ಕದ ಮಡಿ. ಮಂಗಳವಾರ, ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು. ಅಮಾವಾಸ್ಯೆ, ಹುಣ್ಣಿಮೆಗೆ ಕಳಿಸಬಾರದು. ಉಳಿದ ದಿನ ದೀಪ ಹಚ್ಚಿದ ಮೇಲೆ ಕಳಿಸಬಾರದು. ನಮ್ಮ ಪೇಟೆಯಲ್ಲಿ ಇದನ್ನೆಲ್ಲ ಅಷ್ಟಿಷ್ಟು ಎಲ್ಲರೂ ಪಾಲಿಸುತ್ತೇವೆ. ಆದರೆ ಕೊಡುವುದಿದ್ದ ದಿನ ಅಂದಾನಪ್ಪನ ಅಂಗಡಿಯಲ್ಲಿ ದೀಪ ಹೊತ್ತು ಮುಳುಗುವ ಬಹಳ ಮೊದಲೇ ಹತ್ತುತ್ತದೆ. ಮೋಡ ಕವಿದರಂತೂ ಊಟ ಮುಗಿಸಿ ಬಂದವನೇ ಹಚ್ಚಿಬಿಡುತ್ತಾನೆ.

ಒಳಗೆ ಬರುವ ಲಕ್ಷ್ಮಿಗೆ ಮಾತ್ರ ವಾರವಿಲ್ಲ, ತಿಥಿಯಿಲ್ಲ. ಗಿರಾಕಿಗಳು ಫೋನಿನಿಂದ ಹಾಕಿದ ರೊಕ್ಕ ಬಂದು ಮುಟ್ಟಿತೆಂದು ಹೆಣ್ಣುದನಿಯಲ್ಲಿ ಕೂಗಿ ಹೇಳುವ ಡಬ್ಬಿಯೊಂದು ಅವನ ರೊಕ್ಕ ಇಡುವ ಗಲ್ಲೆಯ ಪಕ್ಕದಲ್ಲಿದೆ. ಶುಕ್ರವಾರ ಅದು ಕೂಗಿದರೆ ಅಂದಾನಪ್ಪ ಕೈ ಮುಗಿಯುತ್ತಾನೆ. ಹಾಗೆಯೇ ಅವನ ಫೋನಿನಿಂದ ನನ್ನ ಸುತಳಿಯ ರೊಕ್ಕ ಹಾಕಲು ಹೇಳಿದರೆ, ಫೋನಿನಿಂದ ಹೋದರೂ ಲಕ್ಷ್ಮಿ ಹೋದ ಹಾಗೇ ಅನ್ನುತ್ತಾನೆ.

ಕೇಬಲ್ ಟೀವಿಯ ಚಂದಾ ವಸೂಲಿಗೆ ಬರುವವನು ಅಲ್ತಾಫ. ಹಿಂದೆಲ್ಲ ಅವನು ಈ ಮಡಿಗೆ ಒಗ್ಗಿಕೊಂಡು, ಎರಡು ಮೂರು ಸಲ ಅಲೆದು, ಒಳ್ಳೆಯ ದಿನ ನೋಡಿ ಇಸಿದುಕೊಂಡು ಹೋಗುತ್ತಿದ್ದ. ಈಗ ಕೇಬಲ್ ಕಚೇರಿಯಲ್ಲಿ ಕಂಪ್ಯೂಟರ್ ಕೂತಿದೆ. ಅದಕ್ಕೆ ತಾರೀಖು ಗೊತ್ತು, ಅಂದಾನಪ್ಪನ ವಾರಗಳು ಗೊತ್ತಿಲ್ಲ. ಈ ಸಲ ಅಲ್ತಾಫ ಶುಕ್ರವಾರ ಬಂದ, ಅಂದಾನಪ್ಪ ನಾಳೆ ಬಾ ಅಂದ. ಮಂಗಳವಾರ ಬಂದ, ನಾಳೆ ಬಾ ಅಂದ. ನಾಳೆಯೂ ಬಂದ, ಆಗಲೇ ದೀಪ ಹತ್ತಿತ್ತು. ಕಂಪ್ಯೂಟರ್ ಮೂವತ್ತು ರೂಪಾಯಿ ದಂಡ ಹಾಕಿ ಸುಮ್ಮನಾಗಲಿಲ್ಲ, ಅದನ್ನು ನೇರ ಅಂದಾನಪ್ಪನ ಟೀವಿಗೆ ಕಳಿಸಿತು.

ಕಳಿಸಿದ್ದು ಎಂಥ ಹೊತ್ತಿಗೆ ಅಂತೀರಿ! ಆ ಭಾನುವಾರ ಅವನ ಮಗಳು ಶಾಂಭವಿಯನ್ನು ನೋಡಲು ಯಾವಗಲ್ ಊರಿನಿಂದ ಶಿವನಪ್ಪನವರು ಹೆಂಡತಿ, ಮಗನನ್ನು ಕರೆದುಕೊಂಡು ಬಂದಿದ್ದರು. ಹೊಲ ಮನೆ ಚೆನ್ನಾಗಿರುವ, ಮಾತು ಕಡಿಮೆ ಇರುವ ಮನುಷ್ಯ. ಈ ಸಂಬಂಧ ಆಗಬೇಕೆಂದು ಅಂದಾನಪ್ಪ ಜೀವ ಬಿಡುತ್ತಿದ್ದ. ಶಾಂಭವಿಗೂ ಹುಡುಗ ಹಿಡಿಸಿದ್ದ, ಚಹದ ಕಪ್ಪು ಕೊಡುವಾಗಿನ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಹಿರಿಯ ಅನ್ನಿಸಿಕೊಂಡು ನಾನೂ ಅಲ್ಲಿ ಉಪ್ಪಿಟ್ಟು ತಿನ್ನುತ್ತ ಕೂತಿದ್ದೆ.

ಮನೆತನದ ವ್ಯವಹಾರ ಹೇಗೆ ಎಂದು ಶಿವನಪ್ಪನವರು ಮೆಲ್ಲಗೆ ಕೇಳಿದರು. ಅಂದಾನಪ್ಪ ಎದೆ ಮುಂದೆ ಮಾಡಿ, “ನಮ್ಮ ಮನ್ಯಾಗ ಒಬ್ರ ಬಾಕಿ ಒಂದ ದಿನ ಉಳದಿಲ್ರಿ” ಅಂದ. ಅಷ್ಟರಲ್ಲಿ ಅವನ ಬೆನ್ನ ಹಿಂದಿನ ಟೀವಿಯಲ್ಲಿ ಹಾಡುತ್ತಿದ್ದವಳ ಮುಖ ಮುಚ್ಚುವ ಹಾಗೆ ಒಂದು ಪಟ್ಟಿ ಮೂಡಿತು: ನಿಮ್ಮ ಚಂದಾ ಬಾಕಿ ಇದೆ, ತಡವಾದದ್ದಕ್ಕೆ ದಂಡ ಮೂವತ್ತು ರೂಪಾಯಿ. ಅವನ ಹೆಂಡತಿ ನಾಗರತ್ನಾ ರಿಮೋಟ್ ಒತ್ತಿದಳು. ಚಾನೆಲ್ ಹೋಯಿತು, ಪಟ್ಟಿ ಹೋಗಲಿಲ್ಲ. ಕೊನೆಗೆ ಪಾಪ, ಉಪ್ಪಿಟ್ಟಿನ ಪರಾತ ಹಿಡಿದುಕೊಂಡು ಟೀವಿಗೆ ಅಡ್ಡ ನಿಂತಳು. ಬೀಗರಾಗಬೇಕಾದವರು ವಿಚಾರ ಮಾಡಿ ತಿಳಿಸುತ್ತೇವೆಂದು ಹೇಳಿ ಎದ್ದರು.

ಎರಡು ದಿನ ಕಾದರೂ ಯಾವಗಲ್‌ನಿಂದ ಫೋನು ಬರಲಿಲ್ಲ. ಅಂದಾನಪ್ಪನಿಗೆ ಅನ್ನ ಸೇರದಾಯಿತು. ಸಂಬಂಧ ತಪ್ಪಿದರೆ ಅದು ಆ ಪಟ್ಟಿಯಿಂದಲೇ ಎಂದು ಅವನ ತಲೆಗೆ ಹೊಕ್ಕಿತು. ಬುಧವಾರ ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಕೇಬಲ್ ಕಚೇರಿಗೆ ಹೋದ. ಸುತಳಿಯ ರೊಕ್ಕ ಇಸಿದುಕೊಳ್ಳಲು ಬುಧವಾರ ಒಳ್ಳೆಯ ದಿನ ಅಂತ ನಾನೂ ಹೋದೆ.

ಕೇಬಲಿನ ಮಾಲೀಕರು ಮುರ್ತುಜಾಸಾಬರು, ಜಗಳಕ್ಕೆ ಬೇಸತ್ತ ವಯಸ್ಸಿನವರು. ಅಂದಾನಪ್ಪ ಅವರೆದುರು ಕೂತು ದೊಡ್ಡ ವಕೀಲನ ಹಾಗೆ ವಾದ ಹೂಡಿದ. ತಡ ಮಾಡಿದ್ದು ತಾನಲ್ಲ, ಕೊಡಬಾರದ ದಿನ ಬಂದ ಅಲ್ತಾಫ. ಕೊಡುವ ಮನಸ್ಸಿತ್ತು, ದಿನ ಇರಲಿಲ್ಲ. ಧರ್ಮ ಪಾಲಿಸಿದವನಿಗೆ ದಂಡ ಹಾಕುವ ಕಂಪ್ಯೂಟರ್ ಎಂಥ ಕಂಪ್ಯೂಟರ್? ಮೂರನೆಯ ದಿನ ಬುಧವಾರವಾಗಿತ್ತಲ್ಲ ಎಂದು ಅಲ್ತಾಫ ಬಾಯಿ ಹಾಕಿದ. ಅವತ್ತು ದೀಪ ಹತ್ತಿತ್ತು ಎಂದು ಇವನು. ಹೊರಗೆ ಎಮ್ಮೆಗಳು ಇನ್ನೂ ಮೇಯಲು ಹೋಗುತ್ತಿದ್ದವು ಎಂದು ಅವನು. ಮುರ್ತುಜಾಸಾಬರು ಹಣೆ ಒತ್ತಿಕೊಂಡು, ಮೂವತ್ತು ರೂಪಾಯಿ ಬಿಟ್ಟೆವು, ಹೋಗಿ ಬನ್ನಿ ಅಂದರು.

ಅಲ್ಲಿಗೆ ಎದ್ದು ಬಂದಿದ್ದರೆ ಅವನು ಅಂದಾನಪ್ಪ ಹೇಗಾದಾನು? ಮಾನ ಹೋದದ್ದು ಟೀವಿಯಲ್ಲಿ, ವಾಪಸು ಬರಬೇಕಾದ್ದೂ ಟೀವಿಯಲ್ಲೇ ಎಂದು ಹಟ ಹಿಡಿದ. ಮುರ್ತುಜಾಸಾಬರದೇ ಒಂದು ಊರ ಚಾನೆಲ್ ಇದೆ. ಅದರ ಕೆಳಗಡೆ ಹುಟ್ಟುಹಬ್ಬದ ಶುಭಾಶಯ, ನಳದ ನೀರು ಬರುವ ಹೊತ್ತು, ತಪ್ಪಿಸಿಕೊಂಡ ದನದ ಬಣ್ಣ ಎಲ್ಲ ಸಾಲಾಗಿ ಓಡುತ್ತಿರುತ್ತವೆ. ಅದರಲ್ಲೇ ತನ್ನದೂ ಒಂದು ಸಾಲು ಓಡಲಿ ಅಂದ. ಪುಕ್ಕಟೆ ಹಾಕುತ್ತೇವೆ ಎಂದು ಮುರ್ತುಜಾಸಾಬರು ಅಂದದ್ದಕ್ಕೆ ಸಾಲನ್ನು ಇನ್ನಷ್ಟು ಉದ್ದ ಮಾಡಿದ. ಅವನು ಹೇಳಿದ, ಅಲ್ತಾಫ ಬೆರಳು ಕುಣಿಸುತ್ತ ಬರೆದುಕೊಂಡ, ಇದೇ ಇರಲಾ ಎಂದು ಎರಡು ಸಲ ಕೇಳಿದ. ಬೇಡ ಮಾರಾಯ ಎಂದು ನಾನು ಮೊಣಕೈಯಿಂದ ತಿವಿದೆ. ಅಂದಾನಪ್ಪ ನನ್ನ ಕಡೆ ನೋಡಲೂ ಇಲ್ಲ. ಸುತಳಿಯ ಮಾತು ತೆಗೆದರೆ, ಜಗಳ ಗೆದ್ದ ದಿನ ರೊಕ್ಕ ಕೊಡಬಾರದು ಅಂದ.

ಮರುದಿನದಿಂದ ಸಾಲು ಓಡಿತು. ಸೂಡಿ ಊರಿನ ಒಂದು ಕಳೆದುಹೋದ ಎಮ್ಮೆಗೂ ಒಂದು ಕೂಸಿನ ಹುಟ್ಟುಹಬ್ಬಕ್ಕೂ ನಡುವೆ: “ಕಾಳಿನ ವ್ಯಾಪಾರಿ ಅಂದಾನಪ್ಪನವರು ಮಂಗಳವಾರ, ಶುಕ್ರವಾರ, ಅಮಾವಾಸ್ಯೆ, ಹುಣ್ಣಿಮೆ ಹಾಗೂ ದೀಪ ಹಚ್ಚಿದ ಮೇಲೆ ಯಾರಿಗೂ ಹಣ ಕೊಡುವುದಿಲ್ಲವಾದ್ದರಿಂದ ಅವರಿಗೆ ಹಾಕಿದ ತಡದ ದಂಡವನ್ನು ಹಿಂಪಡೆಯಲಾಗಿದೆ. ಅವರು ಎಂದೂ ಯಾರ ಬಾಕಿಯನ್ನೂ ಇಟ್ಟುಕೊಂಡವರಲ್ಲ.” ಪಟ್ಟಿ ನೋಡಿದವರು ಮನೆಯೊಳಗೆ ಕೂತ ಆರೇಳು ಜನ. ಸಾಲನ್ನು ಊರೇ ಓದಿತು. ಅಂದಾನಪ್ಪ ಮನೆಯ ಟೀವಿಯನ್ನೇ ಅಂಗಡಿಗೆ ತರಿಸಿ, ಹೋಗುವವರಿಗೆ ಬರುವವರಿಗೆ ಕಾಣುವ ಹಾಗೆ ಇಟ್ಟ. ನಾಗರತ್ನಾಳ ಧಾರಾವಾಹಿ ಹಾಳಾಗಿ ಹೋಯಿತು.

ಶನಿವಾರ ಅಮಾವಾಸ್ಯೆ. ಅವತ್ತು ರೈತರು ಎತ್ತು ಹೂಡುವುದಿಲ್ಲ, ಪೇಟೆಗೆ ಬರುತ್ತಾರೆ. ಶಿವನಪ್ಪನವರೂ ಬಂದವರು ನೇರ ಅಂದಾನಪ್ಪನ ಅಂಗಡಿಗೇ ಬಂದು ಗಾದಿಯ ಮೇಲೆ ಕೂತರು. ಅಂದಾನಪ್ಪ ನನ್ನನ್ನು ಕೈ ಮಾಡಿ ಕರೆದ, ಚಹ ತರಿಸಿದ, ತನ್ನ ಸಾಲು ಬರುವವರೆಗೆ ಟೀವಿ ತೋರಿಸಿದ. ಶಿವನಪ್ಪನವರು ಸಾವಕಾಶ ಓದಿ, ಆವತ್ತಿನ ಪಟ್ಟಿ ತಮಗೆ ಕಂಡೇ ಇರಲಿಲ್ಲ, ಕನ್ನಡಕ ಕಿಸೆಯಲ್ಲಿತ್ತು ಅಂದರು. ಮನೆಯಲ್ಲಿ ಎಲ್ಲರಿಗೂ ಹುಡುಗಿ ಒಪ್ಪಿಗೆ, ಅದನ್ನೇ ಮಾತಾಡಲು ಬಂದದ್ದು ಎಂದೂ ಅಂದರು. ಅಂದಾನಪ್ಪನ ಮುಖ ಅರಳಿತು. ನನಗೂ ಶಾಂಭವಿಯ ಸಲುವಾಗಿ ಸಂತೋಷವೇ ಆಯಿತು.

ಆಗ ಒಳಗಿನಿಂದ ನೀಲವ್ವ ಬಂದಳು. ಅವನ ಅಂಗಡಿಯಲ್ಲಿ ಕಾಳು ಹಸನು ಮಾಡುವ ಹೆಂಗಸರಲ್ಲಿ ಹಿರಿಯಳು. ಅವರ ವಾರದ ಪಗಾರ ಗುರುವಾರ. ಗುರುವಾರ ದೀಪ ಹತ್ತುತ್ತದೆ, ಮರುದಿನ ಶುಕ್ರವಾರ, ಹಾಗಾಗಿ ಅದು ಎಂದೂ ಶನಿವಾರದ ಮಾತೇ. ಈ ಸಲ ಶನಿವಾರಕ್ಕೆ ಅಮಾವಾಸ್ಯೆ ಬಂದಿತ್ತು. ಅವಳ ಹಿಂದೆ ಉಳಿದವರೂ ಕಾಳು ಕೇರುವ ಮರ ಹಿಡಿದುಕೊಂಡೇ ನಿಂತಿದ್ದರು.

“ಟೀವ್ಯಾಗ ಬಂದದ್ದ ನಾವೂ ನೋಡಿದ್ವಿ ಸಾವ್ಕಾರ್ರ” ಅಂದಳು. “ತಡ ಆದ್ರ ದಂಡ ಇರತೈತಿ ಅಂತ ನಮಗ ಇಷ್ಟ ವರ್ಷ ಗೊತ್ತಿರಲಿಲ್ರಿ. ಇರಲಿ, ಅವ್ರು ಬಿಟ್ಟಂಗ ನಾವೂ ಬಿಟ್ಟೇವಿ. ಪಗಾರಷ್ಟ ಕೊಡ್ರಿ. ದಂಡ ಬಿಟ್ಟದ್ದಕ್ಕ ಟೀವ್ಯಾಗ ನಮ್ಮ ಹೆಸರೂ ಒಂದ ಸಾಲ ಹಾಕಸ್ರಿ.”

ದನಿ ಏರಿಸಲಿಲ್ಲ, ನಗಲೂ ಇಲ್ಲ. ಅಂದಾನಪ್ಪ ಬೀಗರ ಮುಖ ನೋಡಿದ, ಗಲ್ಲೆಯ ಕೀಲಿ ತಿರುವಿದ. ಕೊಟ್ಟುಬಿಡು ಮಾರಾಯ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟರಲ್ಲಿ ಎಮ್ಮೆಯ ಸಾಲು ಹೋಗಿ ಟೀವಿಯಲ್ಲಿ ಮತ್ತೆ ಅವನದೇ ಸಾಲು ಬಂತು. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ. ಊರೆಲ್ಲ ಸಾರಿದ ಮಾತು ಅದು. ಅವನ ಕೈ ಗಲ್ಲೆಯ ಮೇಲೇ ನಿಂತಿತು. ಬಾಯಿ ಮಾತ್ರ ರೂಢಿಯಂತೆ ತಾನೇ ತೆರೆದುಕೊಂಡಿತು.

“ಇವತ್ತ ಅಮಾಸಿ ಐತೆಲ್ಲವ್ವ ನೀಲವ್ವಾ. ನಾಳೆ ಬಾ.”

ಅದೇ ಹೊತ್ತಿಗೆ ಕಡಲೆ ಒಯ್ಯುವ ಗಿರಾಕಿಯೊಬ್ಬ ಫೋನು ಒತ್ತಿದ್ದ. ಇನ್ನೂರ ಹತ್ತು ರೂಪಾಯಿ ಬಂದಿದೆ ಎಂದು ಡಬ್ಬಿ ಕೂಗಿತು. ಅಂದಾನಪ್ಪನ ಕೈಗಳು ಮುಗಿಯಲು ಹೋಗಿ ಅರ್ಧಕ್ಕೇ ನಿಂತವು. ಶಿವನಪ್ಪನವರು ಡಬ್ಬಿ ನೋಡಿದರು, ಬಾಗಿಲಲ್ಲಿ ನಿಂತ ಹೆಂಗಸರನ್ನು ನೋಡಿದರು, ಕಪ್ಪಿನಲ್ಲಿ ಉಳಿದ ಚಹ ಕುಡಿದು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಅಂದಾನಪ್ಪ ಗಾದಿಯಿಂದ ಇಳಿದು ಓಡಿ ಹೋಗಿ, ಹಾಗಾದರೆ ಮದುವೆ ಕಾರ್ಯದ ಮಾತು ಎಂದು ಕೇಳಿದ.

“ಹೆಣ್ಣ ಕೊಡೂದು ತರೂದು ದೊಡ್ಡ ಮಾತರಿ. ಇವತ್ತ ಅಮಾಸಿ ಐತಿ” ಅಂದರು ಶಿವನಪ್ಪನವರು. “ನಾಳೆ ನೋಡೂಣು.”

ಆ ‘ನಾಳೆ’ ಯಾವಾಗ ಬರುತ್ತದೆ ಎಂದು ಅಂದಾನಪ್ಪ ಕೇಳಲಿಲ್ಲ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಗಜೇಂದ್ರಗಡದಲ್ಲಿ ಯಾರೂ ಇಲ್ಲ.