ನಿಂತುಬಿಟ್ಟ ಮಸಾಲೆ ದೋಸೆ

ವಿಲಾಯಿತಿಯ ಈಸ್ಟ್ ಹ್ಯಾಮ್, ಮಧ್ಯಾಹ್ನ. ಕುಂದಾಪುರದ ಶೇಖರಣ್ಣನವರ ಹೋಟೆಲಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಹಿರಿಯರಿಗೆ ಶೇಖರಣ್ಣನೇ ಮಸಾಲೆ ದೋಸೆ ತರುತ್ತಿದ್ದರು. ಅಷ್ಟರಲ್ಲಿ ಟಿ.ವಿ.ಯಲ್ಲಿ ಓಟದ ಪದಕ ಕೊಡುತ್ತ ಯಾವುದೋ ಪುಟ್ಟ ದ್ವೀಪದೇಶದ ರಾಷ್ಟ್ರಗೀತೆ ಹಾಕಿದರು. ಹಿರಿಯರು ಕೋಲೂರಿ ಎದ್ದು ನಿಂತರು. ಶೇಖರಣ್ಣನೂ ತಟ್ಟೆ ಹಿಡಿದುಕೊಂಡೇ ನೆಟ್ಟಗೆ ನಿಂತುಬಿಟ್ಟರು. ಇದೇನಪ್ಪಾ ಎಂದು ನಾನೂ ಕುರ್ಚಿ ಸರಿಸಿ ಏಳುವಷ್ಟರಲ್ಲಿ ಗೀತೆ ಮುಗಿದೇಹೋಗಿತ್ತು.

“ಇವ್ರ ದೇಶದ್ದ್. ಮಿಲಿಟರಿ ಆಫೀಸರ್ ಆಯಿದ್ರ್. ಟ್ಯೂನ್ ಮಾಡಿದ್ದೂ ಇವ್ರೇ,” ಎಂದರು ಶೇಖರಣ್ಣ, ತಟ್ಟೆ ಇಡುತ್ತ.

ಗೀತೆ ಇಷ್ಟು ಚಿಕ್ಕದೇಕೆ ಎಂದು ಹಿರಿಯರನ್ನು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ. ಅವರು ನಕ್ಕರು. ಇನ್ನೆರಡು ಚರಣ ಸೇರಿಸಿ ಎಂದು ಮಂತ್ರಿಗಳು ಹಟ ಹಿಡಿದಿದ್ದರಂತೆ. ಬಡ್ತಿ ತಪ್ಪಿದರೂ ಇವರು ಒಪ್ಪಲಿಲ್ಲವಂತೆ.

“ಮಂತ್ರಿಗಳಿಗೆ ಶಾಮಿಯಾನ ಇರ್ತಿತ್ತು. ಬಿಸಿಲಲ್ಲಿ ಅಟೆನ್ಷನ್ ನಿಲ್ಲೋರು ನನ್ನ ಸಿಪಾಯಿಗಳು. ಉದ್ದ ಮಾಡಿದ್ರೆ ತಲೆ ತಿರುಗಿ ಬೀಳ್ತಿದ್ರು,” ಎಂದರು.

ಅಷ್ಟು ಹೇಳಿ ದೋಸೆಯ ಅಂಚು ಮುರಿದರು. ಪಲ್ಯದಿಂದ ಇನ್ನೂ ಹಬೆ ಏಳುತ್ತಿತ್ತು.